ಕಳಿಸಿದ್ದೆಷ್ಟು, ಸೇರಿದ್ದೆಷ್ಟು

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನು ಕಂಡ. ಈ ತಂತಿಗೆ ಎಷ್ಟು ಹೆಸರಿತ್ತೆಂದರೆ ಅದು ಇಂಡಿಯಾದ ದೂರದೂರದ ಊರುಗಳಿಗೆ ಹೋಗುತ್ತಿತ್ತು ಎಂದು ಬರೆದಿಟ್ಟ. ತಂತಿಯೇನೋ ಹೇರಿನೆತ್ತಿನ ಮೇಲೆ ಹೋಯಿತು, ಅದರ ದುಡ್ಡು ಚನ್ನಪಟ್ಟಣಕ್ಕೆ ಬರುವುದು ಹೇಗೆ? ಒಂದೊಂದು ಸೀಮೆಗೂ ಒಂದೊಂದು ನಾಣ್ಯವಿದ್ದ ಕಾಲ ಅದು. ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಪುಟ್ಟ ಕಂಠೀರಾಯಿ ಹಣ ಇನ್ನೂ ಚಲಾವಣೆಯಲ್ಲಿತ್ತು. ಹತ್ತು ಹಣಕ್ಕೆ ಒಂದು ವರಹ ಎಂಬ ಲೆಕ್ಕವಿದ್ದರೂ ಆ ವರಹ ಕಡತದಲ್ಲಿ ಇರುತ್ತಿತ್ತೇ ಹೊರತು ಕೈಗೆ ಸಿಗುತ್ತಿರಲಿಲ್ಲ. ಇದರ ಜೊತೆಗೆ ಟಿಪ್ಪುವಿನ ಕಾಲದ ನಾಣ್ಯ, ಮದ್ರಾಸಿನ ಸ್ಟಾರ್ ಪಗೋಡ, ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ.

ಇವನ್ನೆಲ್ಲ ಒಂದಕ್ಕೊಂದು ಹೊಂದಿಸುವವನು ಚಿನಿವಾರ. ನಾಣ್ಯವನ್ನು ತೂಗಿ, ಒರೆಗೆ ಹಚ್ಚಿ, ಸವೆದದ್ದಕ್ಕೆ ಇಷ್ಟು, ಪರಊರಿನ ಅಚ್ಚಿಗೆ ಇಷ್ಟು ಎಂದು ವಟ್ಟ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದ. ದೂರದ ಊರಿಗಾದರೆ ನಾಣ್ಯದ ಬದಲು ಹುಂಡಿ ಹೋಗುತ್ತಿತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗಡುವಿನ ಮೇಲೆ ಕೊಡುವುದು ಮುದ್ದತಿ ಹುಂಡಿ. ಹುಂಡಿ ಬರೆದುಕೊಡುವ ಸಾಹುಕಾರ ಎರಡು ಕಡೆ ಗಳಿಸಬಹುದಿತ್ತು. ಒಂದು, ಬಾಯಿಬಿಟ್ಟು ಕೇಳಿದ ಕಮಿಷನ್. ಇನ್ನೊಂದು, ಈ ಊರಿನ ನಾಣ್ಯಕ್ಕೆ ಆ ಊರಿನ ನಾಣ್ಯ ಎಷ್ಟೆಂದು ತಾನೇ ಗೊತ್ತುಮಾಡಿದ ದರ. ಮೊದಲನೆಯದನ್ನು ಯಾರು ಬೇಕಾದರೂ ಚೌಕಾಸಿ ಮಾಡಬಹುದು. ಎರಡನೆಯದನ್ನು ಚೌಕಾಸಿ ಮಾಡಲು ಪೇಟೆಯ ದರ ಗೊತ್ತಿರಬೇಕು. ರಾಮನಗರದಿಂದ ಮಗಳಿಗೋ ಮಗನಿಗೋ ಡಾಲರ್ ಕಳಿಸುವ ಇವತ್ತಿನ ತಂದೆತಾಯಿಗೂ ಎದುರಾಗುವುದು ಇದೇ ಎರಡು ಕಡಿತ.

ಹೊರದೇಶದ ವ್ಯವಹಾರವೂ ಈ ಸೀಮೆಗೆ ಹೊಸದಲ್ಲ. ಮಸ್ಕತ್‌ನಲ್ಲಿ ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯಿತ್ತು, ಅದಕ್ಕೊಬ್ಬ ದರೋಗನೂ ಇದ್ದ. ರೇಷ್ಮೆಹುಳುವನ್ನೂ ಸಾಕಬಲ್ಲವರನ್ನೂ ಹುಡುಕಿ ಕಳಿಸು ಎಂದು ಟಿಪ್ಪು ಅವನಿಗೆ ಬರೆದ ಆಜ್ಞೆ ಉಳಿದುಬಂದಿದೆ. ಅಲ್ಲಿನ ಖರೀದಿಗೆಂದು ಇಲ್ಲಿಂದ ನಾಣ್ಯದ ಮೂಟೆ ಹೊರಿಸುವ ಅಗತ್ಯವಿರಲಿಲ್ಲ. ಗಂಧ, ಮೆಣಸು, ಅಕ್ಕಿ ಹಡಗೇರುತ್ತಿತ್ತು. ಅದನ್ನು ಅಲ್ಲಿ ಮಾರಿ, ಬಂದ ಹಣದಲ್ಲಿ ಅಲ್ಲಿಯೇ ಬೇಕಾದ್ದನ್ನು ಕೊಳ್ಳುತ್ತಿದ್ದರು. ರಾಮನಗರಕ್ಕೆ ಅನ್ನ ಕೊಟ್ಟ ರೇಷ್ಮೆಯ ಮೊದಲ ಅಧ್ಯಾಯದಲ್ಲಿ ಈ ಕಡಲಾಚೆಯ ಲೆಕ್ಕವೂ ಸೇರಿದೆ.

1835ರ ಕಾಯ್ದೆ ಕಂಪನಿಯ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿಯನ್ನು ತಂದಿತು. ಮೈಸೂರು ಸೀಮೆಯಲ್ಲೂ ಕ್ರಮೇಣ ಅದೇ ನೆಲೆಗೊಂಡು ಚಿನಿವಾರನ ವಟ್ಟ ಕರಗುತ್ತ ಬಂತು. 1880ರ ಜನವರಿಯಲ್ಲಿ ಅಂಚೆ ಇಲಾಖೆ ಮನಿ ಆರ್ಡರ್ ಶುರುಮಾಡಿತು. ಮರುವರ್ಷವೇ ಬೆಂಗಳೂರು–ಮೈಸೂರು ರೈಲು ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರವನ್ನು ಹಾದುಹೋಯಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿದ್ದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಂದಿಗೆ ಸೇರಿಹೋಯಿತು.

ಮನಿ ಆರ್ಡರ್ ಫಾರಂ ಅನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೇಲೆ ಮೊತ್ತ, ವಿಳಾಸ. ಕೆಳಗೊಂದು ತುಂಡು ಜಾಗ, ಕಳಿಸುವವರು ನಾಲ್ಕು ಸಾಲು ಬರೆಯಲು: ಬೀಜಕ್ಕೆ ಇಟ್ಟುಕೋ, ಫೀಸು ಕಟ್ಟು, ಅಮ್ಮನಿಗೆ ಔಷಧಿ ತಾ. ಪೋಸ್ಟ್‌ಮ್ಯಾನ್ ಆ ತುಂಡನ್ನು ಹರಿದು ಹಣದ ಜೊತೆ ಕೊಡುತ್ತಿದ್ದ. ಪಡೆದವರ ರುಜುವೋ ಹೆಬ್ಬೆಟ್ಟೋ ಇದ್ದ ಇನ್ನೊಂದು ತುಂಡು ಕಳಿಸಿದವರ ಮನೆಗೆ ವಾಪಸು ಬರುತ್ತಿತ್ತು. ಈಚಿನ ದಶಕಗಳಲ್ಲಿ ಕಮಿಷನ್ ಪ್ರತಿ 20 ರೂಪಾಯಿಗೆ 1 ರೂಪಾಯಿ, ಅಂದರೆ ಶೇ 5. ಅದು ದುಬಾರಿ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಮಾಗಡಿಯ ಕಿಟಕಿಯಲ್ಲಿ 500 ರೂಪಾಯಿಗೆ 25 ರೂಪಾಯಿ ಸೇರಿಸಿ ಕಟ್ಟಿದವರಿಗೆ, ಆ ಕಡೆ ಮನೆಬಾಗಿಲಲ್ಲಿ ಎಣಿಸಿಕೊಡುವುದು 500 ರೂಪಾಯಿಯೇ ಎಂದು ಮೊದಲೇ ಗೊತ್ತಿರುತ್ತಿತ್ತು. ಕಡಿತದ ಒಂದು ಪೈಸೆಯೂ ಬಚ್ಚಿಟ್ಟುಕೊಂಡಿರಲಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಚರಿತ್ರೆಯಲ್ಲೂ ಕಾಣುವ ಕಡಿತಕ್ಕೂ ಕಾಣದ ಕಡಿತಕ್ಕೂ ಇದೇ ಗುದ್ದಾಟವಿದೆ. ದಳ್ಳಾಳಿಗಳು ಹಳ್ಳಿಯಲ್ಲೇ ಗೂಡು ಕೊಳ್ಳುವಾಗ ತೂಕದಲ್ಲಿ ಎಷ್ಟು ಹೋಯಿತು, ದರದಲ್ಲಿ ಎಷ್ಟು ಹೋಯಿತು ಎನ್ನುವುದು ಬೆಳೆಗಾರರಿಗೆ ತಿಳಿಯುತ್ತಿರಲಿಲ್ಲ. 1959ರ ಕಾಯ್ದೆ ಗೂಡಿನ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದ ಮೇಲೆ ಬಹಿರಂಗ ಹರಾಜು ನೆಲೆಯೂರಿತು. ಈಗ ಅದೂ ಇ-ಹರಾಜಾಗಿದೆ. ಕಿಲೋಗೆ ಎಷ್ಟು ಕೂಗಿದರು ಎನ್ನುವುದು ಬೆಳೆಗಾರರಿಗೂ ರೀಲರುಗಳಿಗೂ ಒಟ್ಟಿಗೇ ಗೊತ್ತಾಗುತ್ತದೆ. ದರ ಎಲ್ಲರ ಕಣ್ಣೆದುರಿಗೆ ಬಂದರೆ ಕಡಿತವೂ ಬಯಲಿಗೆ ಬರುತ್ತದೆಂದು ಈ ಊರಿಗೆ ಅನುಭವದಿಂದಲೇ ಗೊತ್ತಿದೆ.

ಹೊರದೇಶಕ್ಕೆ ಹಣ ಕಳಿಸುವುದು ಮಾತ್ರ ಬಹುಕಾಲ ಸಾಮಾನ್ಯರ ಮಾತಾಗಿರಲಿಲ್ಲ. 1947ರ ಮತ್ತು 1973ರ ವಿದೇಶಿ ವಿನಿಮಯ ಕಾಯ್ದೆಗಳಡಿ ಡಾಲರ್ ಎಂದರೆ ಸರ್ಕಾರದ ಉಗ್ರಾಣದ ಪದಾರ್ಥ. ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದೆವೆಂದು ಆ ತಲೆಮಾರಿನ ಎಷ್ಟೋ ಮಂದಿ ನೆನೆದುಕೊಳ್ಳುತ್ತಾರೆ. 2000ದಲ್ಲಿ ಹೊಸ ವಿದೇಶಿ ವಿನಿಮಯ ಕಾಯ್ದೆ ಫೆಮಾ ಜಾರಿಯಾಯಿತು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಉದಾರೀಕೃತ ರವಾನೆ ಯೋಜನೆ ತಂದು, ಒಬ್ಬರು ವರ್ಷಕ್ಕೆ 25,000 ಡಾಲರ್‌ವರೆಗೆ ಕಳಿಸಬಹುದೆಂದಿತು. ಏರಿಳಿದು 2015ರಿಂದ ಆ ಮಿತಿ 2,50,000 ಡಾಲರ್‌ಗೆ ನಿಂತಿದೆ. ಕನಕಪುರದಲ್ಲಿ ಕೂತು ಮೊಬೈಲಿನಲ್ಲೇ ಎ2 ಫಾರಂ ತುಂಬಿ, ಪ್ಯಾನ್ ಕೊಟ್ಟು, ಓದಿಗೋ ಸಂಸಾರದ ಖರ್ಚಿಗೋ ಎಂದು ಗುರುತು ಹಾಕಿದರೆ ಕೆಲಸ ಮುಗಿಯಿತು.

ಹಳೆಯ ವಟ್ಟ ಮರಳಿ ಬಂದದ್ದೂ ಇಲ್ಲಿಯೇ. ಲೆಕ್ಕಕ್ಕೆಂದು ಒಂದು ಡಾಲರ್‌ಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. 1 ಲಕ್ಷ ರೂಪಾಯಿಗೆ 1,111 ಡಾಲರ್ ಬರಬೇಕು. ಶೇ 2 ಸೇರಿಸಿ 91.80ಕ್ಕೆ ಮಾರುವ ಬ್ಯಾಂಕಿನಲ್ಲಿ ಬರುವುದು 1,089. ಸುಮಾರು 22 ಡಾಲರ್, ಅಂದರೆ 1,960 ರೂಪಾಯಿ, ದರದಲ್ಲೇ ಹೋಯಿತು. ಇದಕ್ಕೆ ರಸೀದಿಯಲ್ಲಿ ಶುಲ್ಕವೆಂಬ ಸಾಲಿಲ್ಲ. ಸಾಲಾಗಿ ಕಾಣುವವು ಬೇರೆ: ಸೇವಾ ಶುಲ್ಕ 500 ಎಂದುಕೊಂಡರೆ ಅದರ ಮೇಲಿನ ಶೇ 18 ಜಿಎಸ್‌ಟಿಯೂ ಸೇರಿ 590. ನಾಣ್ಯ ವಿನಿಮಯಕ್ಕೆಂದು 1 ಲಕ್ಷದವರೆಗಿನ ಮೊತ್ತದ ಶೇ 1ರ ಮೇಲೆ ಇನ್ನೊಂದು ಜಿಎಸ್‌ಟಿ, ಇಲ್ಲಿ 180. ಕಂಡದ್ದು 770, ಕಾಣದ್ದು ಅದರ ಎರಡೂವರೆ ಪಟ್ಟು. ‘ಶುಲ್ಕವಿಲ್ಲ’ ಎಂಬ ಜಾಹೀರಾತು ಕಣ್ಣಿಗೆ ಬಿದ್ದಾಗ ಮೊದಲು ನೋಡಬೇಕಾದದ್ದು ಆ ದಿನದ ಮಾರಾಟ ದರವನ್ನು. ರೂಪಾಯಿಯ ಉಲ್ಲೇಖ ದರ ಡಾಲರ್, ಪೌಂಡ್, ಯೂರೊ, ಯೆನ್‌ಗಳಿಗೆ ಪ್ರತಿ ಕೆಲಸದ ದಿನವೂ ಪ್ರಕಟವಾಗುತ್ತದೆ. ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಅಲ್ಲೇ ಸಿಗುತ್ತದೆ. ಆ ದರವನ್ನು ರಸೀದಿಯ ಮೇಲೇ ಅಚ್ಚುಹಾಕಬೇಕೆಂದು ಬ್ಯಾಂಕುಗಳಿಗೆ ಕಡ್ಡಾಯ ಮಾಡಿದರೆ ಈ ಹುಡುಕಾಟವೇ ಬೇಕಿಲ್ಲ. ಗೂಡಿನ ಹರಾಜಿನಲ್ಲಿ ಸಾಧ್ಯವಾದದ್ದು ಬ್ಯಾಂಕಿನಲ್ಲಿ ಸಾಧ್ಯವಾಗದೆ ಇರಲು ಕಾರಣವಿಲ್ಲ.

ಶುಲ್ಕವೆಂದು ಜನ ಬೆಚ್ಚುವ ಇನ್ನೊಂದು ಕಡಿತ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ. 2020ರ ಅಕ್ಟೋಬರ್‌ನಲ್ಲಿ ಬಂದ ಇದು 2025ರ ಏಪ್ರಿಲ್‌ನಿಂದ ವರ್ಷದಲ್ಲಿ 10 ಲಕ್ಷ ಮೀರಿದ ಭಾಗಕ್ಕೆ ಮಾತ್ರ ಬೀಳುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಇಲ್ಲವೇ ಇಲ್ಲ. ಸಂಸಾರದ ಖರ್ಚಿಗೆಂದು ಕಳಿಸಿದರೆ ಶೇ 20. ಇದು ಮುಂಗಡ ತೆರಿಗೆಯಂತೆ; ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ. ರಿಟರ್ನ್ಸ್ ಸಲ್ಲಿಸುವ ರೂಢಿಯೇ ಇಲ್ಲದ ರೈತಾಪಿ ಮನೆಗಳು ಆ ಹಣವನ್ನು ಕೈಬಿಡಬಾರದು.

ಇಷ್ಟಾದರೂ ದಾರಿಯಲ್ಲಿ ಇನ್ನೊಬ್ಬ ಸುಂಕದವನಿದ್ದಾನೆ. 1973ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಸ್ವಿಫ್ಟ್ ಜಾಲ ಸಂದೇಶವನ್ನಷ್ಟೇ ಒಯ್ಯುತ್ತದೆ. ಹಣ ಕೈಬದಲಾಯಿಸುವುದು ನಡುವಿನ ಬ್ಯಾಂಕುಗಳ ಖಾತೆಗಳಲ್ಲಿ. ಆ ಬ್ಯಾಂಕು ತನ್ನ ಪಾಲನ್ನು ಡಾಲರಿನಲ್ಲೇ ಮುರಿದುಕೊಂಡರೆ ವಿಶ್ವವಿದ್ಯಾಲಯದ ಫೀಸಿಗೆ ಹತ್ತಿಪ್ಪತ್ತು ಡಾಲರ್ ಕಡಿಮೆ ಬೀಳುತ್ತದೆ, ಬಾಕಿಯ ನೋಟಿಸು ಬರುತ್ತದೆ. ಫಾರಂನಲ್ಲಿ ‘ಅವರ್’ (OUR) ಎಂಬ ಆಯ್ಕೆ ಗುರುತಿಸಿದರೆ ಆ ಖರ್ಚನ್ನೂ ಕಳಿಸುವವರೇ ಕಟ್ಟಬಹುದು, ಸಾಮಾನ್ಯವಾಗಿ ಪೂರ್ತಿ ಮೊತ್ತ ಸೇರುತ್ತದೆ. ಸಿಂಗಪುರದ ಮಟ್ಟಿಗೆ ಮಾತ್ರ ದಾರಿ ಚಿಕ್ಕದಾಗಿದೆ: 2023ರ ಫೆಬ್ರವರಿ 21ರಂದು ಯುಪಿಐಯನ್ನು ಅಲ್ಲಿನ ಪೇನೌ ವ್ಯವಸ್ಥೆಗೆ ಜೋಡಿಸಲಾಯಿತು. ಶುರುವಿನಲ್ಲಿ ದಿನಕ್ಕೆ 60,000 ರೂಪಾಯಿಯ ಮಿತಿಯೊಳಗೆ, ಆಯ್ದ ಬ್ಯಾಂಕುಗಳ ಗ್ರಾಹಕರು ಮೊಬೈಲ್ ಸಂಖ್ಯೆಗೇ ಹಣ ಕಳಿಸುವಂತಾಯಿತು.