ಜರ್ಮನ್ ಆಪೆರೆಟ್ಟಾದ ಪುನರುಜ್ಜೀವನ: ಒಂದು ಪಾಠವಿಚಾರ

ಆಪೆರೆಟ್ಟಾ ಎಂಬುದು ಹಾಡು, ಮಾತು, ಕುಣಿತ ಈ ಮೂರೂ ಬೆರೆತ ಲಘುವಾದ ಗೀತನಾಟಕವು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪ್ಯಾರಿಸ್ ನಗರದಲ್ಲಿ ಆಫೆನ್‌ಬಾಕನಿಂದ ಪ್ರಸಿದ್ಧಿಗೆ ಬಂದ ಈ ಪ್ರಕಾರವು ವಿಯೆನ್ನಾ ನಗರವನ್ನು ಸೇರಿ, ಜರ್ಮನ್ ಭಾಷೆಯಲ್ಲಿ ತನ್ನದೇ ಆದ ಸಂಪ್ರದಾಯವನ್ನು ಕಟ್ಟಿಕೊಂಡಿತು. ಆ ನಗರದ 'ಥಿಯೇಟರ್ ಆನ್ ಡೆರ್ ವೀನ್' ರಂಗಮಂದಿರದಲ್ಲಿ ೧೮೭೪ನೆಯ ಏಪ್ರಿಲ್ ೫ರಂದು ಕಿರಿಯ ಯೋಹಾನ್ ಸ್ಟ್ರೌಸನ 'ಡೀ ಫ್ಲೆಡರ್‌ಮೌಸ್' (ಬಾವಲಿ) ಎಂಬ ಕೃತಿಯೂ, ೧೯೦೫ನೆಯ ಡಿಸೆಂಬರ್ ೩೦ರಂದು ಫ್ರಾನ್ಸ್ ಲೇಹಾರನ 'ಡೀ ಲುಸ್ಟಿಗೆ ವಿಟ್ವೆ' (ಉಲ್ಲಾಸದ ವಿಧವೆ) ಎಂಬುದೂ ಮೊದಲು ಪ್ರದರ್ಶಿತವಾದುವು. ಈ ಎರಡು ಕೃತಿಗಳ ಪ್ರಚಾರಕ್ಕೆ ಇಂದಿಗೂ ಕುಂದಿಲ್ಲ. ಆದರೆ ೧೯೩೩ಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಬೆರ್ಲಿನ್ನಿನಲ್ಲಿ ಹುಟ್ಟಿದ ಆಪೆರೆಟ್ಟಾಗಳ ಗತಿ ಬೇರೆಯಾಯಿತು. ಅವು ಏಕೆ ಮರೆಯಾದುವು, ಈಚೆಗೆ ಹೇಗೆ ರಂಗಕ್ಕೆ ಮರಳಿದುವು, ಮರಳಿ ಬಂದುದನ್ನು ಮೂಲವೆಂದು ಕರೆಯಬಹುದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆಪೆರೆಟ್ಟಾ ತಾನಾಗಿಯೇ ಮುಪ್ಪಡಸಿ ಕ್ಷೀಣಿಸಿತೆಂದೂ, ವಾಕ್ಚಿತ್ರವೂ ಅಮೆರಿಕದ ಸಂಗೀತನಾಟಕವೂ ಅದರ ಸ್ಥಾನವನ್ನು ಆಕ್ರಮಿಸಿದುವೆಂದೂ ಹೇಳುವುದುಂಟು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಇದೊಂದೇ ಕಾರಣವು ಸಾಲದೆಂದು ತೋರುತ್ತದೆ. ೧೯೩೦ನೆಯ ನವೆಂಬರ್ ೮ರಂದು ಬೆರ್ಲಿನ್ನಿನ 'ಗ್ರೋಸೆಸ್ ಷೌಷ್ಪೀಲ್‌ಹೌಸ್' ಎಂಬ ವಿಶಾಲ ಮಂದಿರದಲ್ಲಿ ಎರಿಕ್ ಷಾರೆಲನು ರಾಲ್ಫ್ ಬೆನಾಟ್ಸ್ಕಿಯ 'ಇಮ್ ವೈಸೆನ್ ರೋಸ್ಲ್' (ಬಿಳಿಗುದುರೆಯ ಛತ್ರದಲ್ಲಿ) ಎಂಬುದನ್ನು ಆಡಿಸಿದನು. ಅದು ೧೯೩೧ರಲ್ಲಿ ಲಂಡನ್ನಿಗೂ ೧೯೩೬ರಲ್ಲಿ ನ್ಯೂಯಾರ್ಕಿಗೂ ಹೋಯಿತು. ೧೯೩೨ನೆಯ ಡಿಸೆಂಬರ್ ೨೩ರಂದು ಪೌಲ್ ಆಬ್ರಹಾಮನ 'ಬಾಲ್ ಇಮ್ ಸವೋಯ್', ೧೯೩೩ನೆಯ ಜನವರಿ ೨೦ರಂದು ಯಾರೊಮೀರ್ ವೈನ್‌ಬರ್ಗರನ 'ಫ್ರ್ಯೂಲಿಂಗ್ಸ್‌ಸ್ಟ್ಯೂರ್ಮೆ' (ವಸಂತದ ಬಿರುಗಾಳಿ) ಬೆರ್ಲಿನ್ನಿನಲ್ಲಿ ರಂಗವನ್ನೇರಿದುವು. ಕೊನೆಯದರಲ್ಲಿ ಹಾಡಿದವನು ಅಂದಿನ ಅತಿಪ್ರಸಿದ್ಧ ಗಾಯಕ ರಿಚರ್ಡ್ ಟೌಬರ್. ಮುಪ್ಪಿನಿಂದ ಸಾಯುತ್ತಿರುವ ಕಲೆಯ ಲಕ್ಷಣ ಇದಲ್ಲ.

ಇದಾದ ಹತ್ತು ದಿನಗಳಿಗೆ, ಜನವರಿ ೩೦ರಂದು, ಹಿಟ್ಲರನು ಜರ್ಮನಿಯ ಪ್ರಧಾನಾಧಿಕಾರವನ್ನು ಪಡೆದನು. ಈ ಕೃತಿಗಳನ್ನು ರಚಿಸಿದವರಲ್ಲಿಯೂ ಆಡಿಸಿದವರಲ್ಲಿಯೂ ಬಹುಮಂದಿ ಯೆಹೂದ್ಯರು. ಬೆರ್ಲಿನ್ನಿನ ಅನೇಕ ರಂಗಮಂದಿರಗಳನ್ನು ನಡೆಸುತ್ತಿದ್ದ ರೋಟರ್ ಸಹೋದರರು ಅದೇ ಜನವರಿಯಲ್ಲಿ ಸಾಲದ ಹೊರೆಯಿಂದ ದಿವಾಳಿಯಾಗಿ ಲಿಕ್ಟನ್‌ಸ್ಟೈನ್ ಸಂಸ್ಥಾನಕ್ಕೆ ಹೋಗಿದ್ದರು. ಏಪ್ರಿಲ್ ತಿಂಗಳಲ್ಲಿ ನಾಟ್ಸಿ ಪಕ್ಷಪಾತಿಗಳು ಅವರನ್ನು ಅಪಹರಿಸಲೆತ್ನಿಸಿದಾಗ ಆಲ್ಫ್ರೆಡ್ ರೋಟರನೂ ಆತನ ಪತ್ನಿಯೂ ಪ್ರಾಣವನ್ನು ಕಳೆದುಕೊಂಡರು. ಆರ್ಥಿಕ ಕಾರಣವೂ ರಾಜಕೀಯ ಕಾರಣವೂ ಹೀಗೆ ಒಂದರೊಡನೊಂದು ಹೆಣೆದುಕೊಂಡಿದ್ದುವು. ಆಬ್ರಹಾಮನು ದೇಶವನ್ನು ಬಿಟ್ಟು ಕ್ಯೂಬಾ ದ್ವೀಪಕ್ಕೂ ಅಲ್ಲಿಂದ ನ್ಯೂಯಾರ್ಕಿಗೂ ಅಲೆದು, ಮತಿಭ್ರಮೆಗೆ ಗುರಿಯಾಗಿ, ೧೯೬೦ರಲ್ಲಿ ಹ್ಯಾಂಬರ್ಗಿನಲ್ಲಿ ತೀರಿಕೊಂಡನು. ಆತನಿಗೂ ಲೇಹಾರನಿಗೂ ಸಾಹಿತ್ಯವನ್ನು ರಚಿಸಿಕೊಟ್ಟ ಫ್ರಿಟ್ಸ್ ಲೋಹ್ನರ್-ಬೇಡಾ ೧೯೪೨ನೆಯ ಡಿಸೆಂಬರಿನಲ್ಲಿ ಔಷ್ವಿಟ್ಸ್ ಸೆರೆಶಿಬಿರದಲ್ಲಿ ಹತನಾದನು. ಲೇಹಾರನ ಕೃತಿಗಳು ಮಾತ್ರ ಆ ಕಾಲದಲ್ಲಿಯೂ ಪ್ರದರ್ಶಿತವಾಗುತ್ತಲೇ ಇದ್ದುವು. ಪದಗಳು ರಂಗದ ಮೇಲೆ ಉಳಿದುವು. ಪದಕಾರನ ಹೆಸರು ಮರೆಯಾಯಿತು.

ದಾಖಲೆಗಳನ್ನು ತಿದ್ದುವ ಕಾರ್ಯವು ಇಷ್ಟಕ್ಕೇ ನಿಲ್ಲಲಿಲ್ಲ. ಸ್ಟ್ರೌಸನ ಪೂರ್ವಿಕನೊಬ್ಬನು ಕ್ರೈಸ್ತಮತಕ್ಕೆ ಸೇರಿದ ಯೆಹೂದ್ಯನೆಂಬುದು ವಿಯೆನ್ನಾದ ಸೇಂಟ್ ಸ್ಟೀಫನ್ ದೇವಾಲಯದ ೧೭೬೨ರ ವಿವಾಹ ದಾಖಲೆಯಿಂದ ತಿಳಿಯುತ್ತಿತ್ತು. ಸ್ಟ್ರೌಸನ ಸಂಗೀತವನ್ನು ಬಿಡಲೊಲ್ಲದ ಅಧಿಕಾರಿಗಳು ೧೯೪೧ರಲ್ಲಿ ಆ ಪುಸ್ತಕವನ್ನೇ ವಶಪಡಿಸಿಕೊಂಡು, ಆ ಬರವಣಿಗೆಯಿಲ್ಲದ ಪ್ರತಿಯೊಂದನ್ನು ಅದರ ಸ್ಥಾನದಲ್ಲಿರಿಸಿದರು. ಶಾಸನವನ್ನು ಕೆತ್ತಿ ಅಳಿಸಿದವರ ಕೃತ್ಯಕ್ಕೂ ಇದಕ್ಕೂ ಭೇದವಿಲ್ಲ.

ಯುದ್ಧಾನಂತರ ನಿಷೇಧವೇನೋ ತೊಲಗಿತು. ಆದರೆ ಪಾಠವು ಶುದ್ಧವಾಗಲಿಲ್ಲ. ಬೆರ್ಲಿನ್ನಿನ ಕೃತಿಗಳಲ್ಲಿ ಜಾಜ್ ಮೇಳದ ಸ್ಯಾಕ್ಸೊಫೋನ್, ಬ್ಯಾಂಜೊ ಮೊದಲಾದ ವಾದ್ಯಗಳು ಪಿಟೀಲಿನೊಡನೆ ಸರಿಸಮವಾಗಿ ನಿಂತಿದ್ದುವು. ಹಾಸ್ಯದಲ್ಲಿ ಕಟಕಿಯೂ ಶೃಂಗಾರದಲ್ಲಿ ದಿಟ್ಟತನವೂ ಇದ್ದುವು. ೧೯೫೦ರ ದಶಕದ ರೂಪಾಂತರಗಳಲ್ಲಿ ವಾದ್ಯರಚನೆಯು ಮೆತ್ತಗಾಯಿತು. ಕಟಕಿ ಹೋಗಿ ಹಳೆಯ ದಿನಗಳ ಹಂಬಲವು ತುಂಬಿಕೊಂಡಿತು. ಆಪೆರೆಟ್ಟಾ ಎಂದರೆ ಮುದುಕರ ಸಕ್ಕರೆಮಿಠಾಯಿ ಎಂಬ ಭಾವನೆಗೆ ಈ ರೂಪಾಂತರಗಳೇ ಬಹುಮಟ್ಟಿಗೆ ಕಾರಣ. ಕೃತಿಯನ್ನು ನಿಂದಿಸಿದವರು ವಾಸ್ತವವಾಗಿ ನಿಂದಿಸಿದುದು ಪ್ರಕ್ಷೇಪವನ್ನು.

ಪುನರುಜ್ಜೀವನವು ಈ ತಿಳಿವಳಿಕೆಯಿಂದಲೇ ಬಲಗೊಂಡಿತು. 'ರೋಸ್ಲ್' ಕೃತಿಯ ಹಳೆಯ ವಾದ್ಯವೃಂದದ ಸ್ವರಲಿಪಿಗಳು ಜಾಗ್ರೆಬ್ ನಗರದಲ್ಲಿ ದೊರೆತುವು. ಅವುಗಳ ಆಧಾರದಿಂದ ಮತ್ತಿಯಾಸ್ ಗ್ರಿಮಿಂಗರ್ ಮತ್ತು ಹೆನ್ನಿಂಗ್ ಹಾಗೆಡಾರ್ನ್ ಎಂಬವರು ಸಿದ್ಧಪಡಿಸಿದ ಪಾಠವನ್ನು ಡ್ರೆಸ್ಡನ್ನಿನ ಸರಕಾರಿ ಆಪೆರೆಟ್ಟಾ ಮಂದಿರವು ೨೦೦೯ರಲ್ಲಿ ಆಡಿಸಿತು. ಬೆರ್ಲಿನ್ನಿನ 'ಕೋಮಿಷೆ ಓಪರ್' ಸಂಸ್ಥೆಯು ೨೦೧೨ರಿಂದ ೨೦೨೨ರ ವರೆಗೆ ಬ್ಯಾರಿ ಕೊಸ್ಕಿ ಅವರ ಆಡಳಿತದಲ್ಲಿ ಈ ಕಾರ್ಯವನ್ನು ಮುಂದುವರಿಸಿತು. ಈ ಸಂಸ್ಥೆಯ ಕಟ್ಟಡವು ಹಿಂದೆ 'ಮೆಟ್ರೊಪೋಲ್' ಎಂಬ ಆಪೆರೆಟ್ಟಾ ಮಂದಿರವಾಗಿತ್ತು. ಲೋಹ್ನರ್-ಬೇಡಾನ ಸಾಹಿತ್ಯವಿದ್ದ ಲೇಹಾರನ 'ಡಾಸ್ ಲಾಂಡ್ ಡೆಸ್ ಲೆಹೆಲ್ನ್ಸ್' (ಮುಗುಳ್ನಗೆಯ ನಾಡು) ೧೯೨೯ರಲ್ಲಿ ಇಲ್ಲಿಯೇ ಮೊದಲು ಪ್ರದರ್ಶಿತವಾಗಿತ್ತು. ೧೯೪೭ರಲ್ಲಿ ವಾಲ್ಟರ್ ಫೆಲ್ಸೆನ್‌ಸ್ಟೈನನು 'ಫ್ಲೆಡರ್‌ಮೌಸ್'ನಿಂದಲೇ ಹೊಸ ಸಂಸ್ಥೆಯನ್ನು ಆರಂಭಿಸಿದುದೂ ಇಲ್ಲಿಯೇ. ಈ ಮಂದಿರದಲ್ಲಿ ೨೦೧೩ರಲ್ಲಿ 'ಬಾಲ್ ಇಮ್ ಸವೋಯ್' ಮತ್ತೆ ಮೊಳಗಿತು. ೧೯೩೨ರಲ್ಲಿ ಇದೇ ರಂಗದಲ್ಲಿ ಫ್ರಿಟ್ಸಿ ಮಸ್ಸಾರಿ ಅಭಿನಯಿಸಿದ್ದ ಆಸ್ಕರ್ ಸ್ಟ್ರೌಸನ 'ಐನೆ ಫ್ರೌ, ಡೀ ವೈಸ್, ವಾಸ್ ಜೀ ವಿಲ್' (ತನಗೆ ಬೇಕಾದುದನ್ನು ಬಲ್ಲ ಹೆಣ್ಣು) ಎಂಬುದರ ಸಕಲ ಪಾತ್ರಗಳನ್ನೂ ೨೦೧೫ರಲ್ಲಿ ಡಾಗ್ಮಾರ್ ಮಾನ್ಸೆಲ್, ಮ್ಯಾಕ್ಸ್ ಹಾಪ್ ಎಂಬ ಇಬ್ಬರೇ ನಿರ್ವಹಿಸಿದರು.

ಆದರೆ ಮೂಲವೇ ನಷ್ಟವಾಗಿರುವಲ್ಲಿ ಮಾಡತಕ್ಕುದೇನು? 'ಫ್ರ್ಯೂಲಿಂಗ್ಸ್‌ಸ್ಟ್ಯೂರ್ಮೆ' ಕೃತಿಯನ್ನು ೨೦೨೦ನೆಯ ಜನವರಿಯಲ್ಲಿ ಆಡಿಸುವಾಗ ಈ ಸಮಸ್ಯೆ ಎದುರಾಯಿತು. ಅದರ ಪೂರ್ಣ ವಾದ್ಯಲಿಪಿ ಉಳಿದಿರಲಿಲ್ಲ. ಗಾಯನಕ್ಕೂ ಪಿಯಾನೋವಿಗೂ ಅಳವಡಿಸಿದ ಸಂಗ್ರಹರೂಪ ಮಾತ್ರ ಉಳಿದಿತ್ತು. ಅದನ್ನು ಹಿಡಿದು ನಾರ್ಬರ್ಟ್ ಬೀರ್ಮನ್ ಅವರು ವಾದ್ಯವೃಂದದ ಭಾಗವನ್ನು ಹೊಸದಾಗಿ ರಚಿಸಿದರು. ರಾಗವು ವೈನ್‌ಬರ್ಗರನದು, ಅದರ ನಾದವರ್ಣವು ಊಹೆಯದು. ಇದು ತಾಳೆಯೋಲೆಯ ತ್ರುಟಿತ ಸ್ಥಳವನ್ನು ಸಂಪಾದಕನು ತುಂಬಿದಂತೆ. ತುಂಬುವುದು ತಪ್ಪಲ್ಲ, ತುಂಬಿದುದನ್ನು ಕಂಸದಲ್ಲಿಡದಿರುವುದು ತಪ್ಪು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಆಪೆರೆಟ್ಟಾದ ಪಾಠವು ಎಂದೂ ಸ್ಥಿರವಾಗಿರಲಿಲ್ಲ. 'ಫ್ಲೆಡರ್‌ಮೌಸ್'ನ ಮೂರನೆಯ ಅಂಕದ ಸೆರೆಮನೆಯ ಕಾವಲುಗಾರ ಫ್ರೋಷನ ಮಾತುಗಳನ್ನು ಆಯಾ ಊರಿನ ಹಾಸ್ಯಗಾರನು ತನ್ನ ಕಾಲಕ್ಕೆ ಒಪ್ಪುವಂತೆ ಬದಲಾಯಿಸುವುದು ವಾಡಿಕೆ. ಹೀಗಿರಲು ೧೯೫೦ರ ರೂಪಾಂತರವನ್ನು ಮಾತ್ರ ದೂಷಿಸುವುದು ನ್ಯಾಯವೆ ಎಂದರೆ, ಎರಡಕ್ಕೂ ಅಂತರವಿದೆ ಎಂದೇ ಉತ್ತರ. ಫ್ರೋಷನ ಮಾತು ಹೊಸದೆಂಬುದು ಸಭೆಗೆ ತಿಳಿದಿರುತ್ತದೆ; ಅದು ತಿಳಿದೇ ಸಭೆ ನಗುತ್ತದೆ. ಜಾಜ್ ಮೇಳವು ಕಾಣೆಯಾದುದೂ, ಕರ್ತೃವಿನ ಹೆಸರು ಅಳಿದುದೂ ಸಭೆಗೆ ತಿಳಿಯಲಿಲ್ಲ. ಮೊದಲನೆಯದು ಸಂಪ್ರದಾಯ, ಎರಡನೆಯದು ವಿಸ್ಮೃತಿ.

ಆದುದರಿಂದ ಈ ಪುನರುಜ್ಜೀವನವನ್ನು ಕೇವಲ ಹಳೆಯ ವಿನೋದದ ಮರುಕಳಿಕೆಯೆಂದು ಎಣಿಸಲಾಗದು. ಇದು ಪಾಠಸಂಶೋಧನೆಯೂ ಹೌದು, ಋಣಸಂದಾಯವೂ ಹೌದು. ಹತರಾದವರು ಹಿಂದಿರುಗುವುದಿಲ್ಲ, ಸುಟ್ಟ ಲಿಪಿಗಳೆಲ್ಲವೂ ದೊರೆಯುವುದಿಲ್ಲ. ಉಳಿದುದನ್ನು ಶೋಧಿಸಿ, ಊಹೆಯನ್ನು ಊಹೆಯೆಂದೇ ಹೇಳಿ, ಕರ್ತೃವಿನ ಹೆಸರನ್ನು ಅದರ ಸ್ಥಾನದಲ್ಲಿ ಬರೆಯುವುದು ಮಾತ್ರ ನಮ್ಮಿಂದ ಸಾಧ್ಯ. ಅಷ್ಟನ್ನು ಮಾಡಿದ ರಂಗಮಂದಿರದಲ್ಲಿ ಕೇಳಬರುವ ನಗೆಯು ಹಗುರವಾದುದಾದರೂ ಅಲ್ಪವಾದುದಲ್ಲ.