ಟವೆಲ್ಲಿನ ಕೆಳಗಿನ ದರದಿಂದ ಫೋನಿನ ಪಿನ್‌ವರೆಗೆ

ಇಂಟರ್ನೆಟ್ ವ್ಯಾಪಾರ ಅಂದಕೂಡಲೇ ನಮಗೆ ನೆನಪಾಗುವುದು ಅಮೆಜಾನ್, ಫ್ಲಿಪ್‌ಕಾರ್ಟ್. ಆದರೆ ಹರ್ತಿಯಂಥ ಊರುಗಳ ರೈತರು ಒಯ್ಯುವ ಹೆಸರು, ಶೇಂಗಾದಂಥ ಮಾಲು ರಾಜ್ಯದ ಎಪಿಎಂಸಿಗಳಲ್ಲಿ ಕಂಪ್ಯೂಟರ್ ಮೂಲಕ ಮಾರಾಟವಾಗತೊಡಗಿ ಹತ್ತು ವರ್ಷ ದಾಟಿದೆ. ಈ ವ್ಯವಸ್ಥೆಗೆ ಹಾಕಿದ ಬೀಗಗಳೆಲ್ಲ ಹಳೆಯ ಮೋಸಗಳಿಂದ ಕಲಿತ ಪಾಠಗಳು.

ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ಹಿರಿಯರು ಬಲ್ಲರು. ದರ ಗೊತ್ತಾಗುವುದು ಆ ಇಬ್ಬರಿಗೆ ಮಾತ್ರ. ನಡುವೆ ದಲಾಲಿ ಇದ್ದರೆ, ಮಾಲಿನ ಧಣಿಗೆ ನಿಜವಾದ ದರ ತಿಳಿಯುತ್ತದೆಂಬ ಖಾತ್ರಿ ಇಲ್ಲ. ಗದಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಹತ್ತಿ ಮಾರುಕಟ್ಟೆಗಳಿಗೆಂದು 1927ರಲ್ಲಿ ಕಾಯ್ದೆ ಬಂತು. ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದು. ಮುಂದೆ ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಡಬ್ಬಿಗೆ ಹಾಕುವ ಟೆಂಡರ್ ಪದ್ಧತಿ ನಡೆಯಿತು. ಇದು ಟವೆಲ್ಲಿಗಿಂತ ಮೇಲು. ಆದರೂ ಚೀಟಿ ಬದಲಾದರೆ, ಹರಿದರೆ, ತಿದ್ದಿದರೆ ಕೇಳುವವರಾರು?

2014ರಲ್ಲಿ ರಾಜ್ಯ ಸರ್ಕಾರವು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ ಕಟ್ಟಿತು. ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ಗೇಟಿನಲ್ಲೇ ಮಾಲಿಗೆ ಲಾಟ್ ನಂಬರ್. ವ್ಯಾಪಾರಿ ತನ್ನ ಲಾಗಿನ್‌ನಿಂದಲೇ ದರ ಹಾಕಬೇಕು, ಹಾಗಾಗಿ ಯಾರು ಎಷ್ಟು ಕೂಗಿದರೆಂಬ ದಾಖಲೆ ಉಳಿಯುತ್ತದೆ. ವೇಳೆ ಮುಗಿಯುವತನಕ ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಕೊನೆಗೆ ಹೆಚ್ಚಿನ ದರ ಬಂದರೂ ರೈತ ಒಪ್ಪಿದರಷ್ಟೇ ಮಾರಾಟ. ಒಲ್ಲೆ ಅನ್ನುವ ಹಕ್ಕು ಅವನದು. 2016ರ ಏಪ್ರಿಲ್ 14ರಂದು ಕೇಂದ್ರದ ಇ-ನ್ಯಾಮ್ ಸಹ ಇದೇ ದಾರಿ ಹಿಡಿಯಿತು.

ಹಣದ ಕಡೆಗೂ ಇದೇ ಯೋಚನೆ. ಕಾರ್ಡ್ ನಂಬರ್ ಗೊತ್ತಿದ್ದ ಮಾತ್ರಕ್ಕೆ ಆನ್‌ಲೈನ್ ಖರೀದಿ ಆಗಬಾರದು, ಇನ್ನೊಂದು ಗುಟ್ಟಿನ ಪುರಾವೆ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. ಇವತ್ತು ನಮ್ಮ ಫೋನಿಗೆ ಬರುವ ಒಟಿಪಿ ಆ ಗುಟ್ಟು. 2016ರಲ್ಲಿ ಬಂದ ಯುಪಿಐನಲ್ಲಿ ಬ್ಯಾಂಕಿಗೆ ಜೋಡಿಸಿದ ಸಿಮ್ ಒಂದು ಬೀಗ, ಪಿನ್ ಇನ್ನೊಂದು.

ಅದಕ್ಕೇ ಇಂದಿನ ಕಳ್ಳರು ಬೀಗ ಒಡೆಯುವ ಗೋಜಿಗೆ ಹೋಗದೆ ಕೀಲಿಯನ್ನೇ ನಮ್ಮ ಕೈಯಿಂದ ಕೇಳಿ ಪಡೆಯುತ್ತಾರೆ. "ನಿಮ್ಮ ಮಾಲು ಕೊಳ್ತೇವೆ, ಮುಂಗಡ ಹಾಕ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ" ಅನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಹೋಗಿದ್ದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಕಂಪ್ಯೂಟರ್ ದರ ಕಾಯುತ್ತದೆ, ತಕ್ಕಡಿ ಕಾಯುವುದಿಲ್ಲ. ವ್ಯಾಪಾರಿಗಳು ಹೊರಗೇ ಮಾತಾಡಿಕೊಂಡು ಬಂದರೆ ಅದಕ್ಕೆ ತಿಳಿಯದು. ಆದ್ದರಿಂದ ತೂಕದ ಹೊತ್ತಿಗೆ ನಾವು ಅಲ್ಲಿರಬೇಕು, ಲಾಟ್ ನಂಬರ್ ಮತ್ತು ಪಟ್ಟಿ ಕೇಳಿ ಪಡೆಯಬೇಕು. ದರ ಒಪ್ಪುವ ಮಾತು, ಫೋನಿನ ಪಿನ್, ಎರಡನ್ನೂ ಇನ್ನೊಬ್ಬರ ಕೈಗೆ ಕೊಡಬಾರದು.