ಸಮುರಾಯ್ ಕತ್ತಿಯ ಕುಲುಮೆ, ಭದ್ರಾವತಿಯ ಕುಲುಮೆ

ಸಮುರಾಯ್ ಅಂದ ಕೂಡಲೇ ಏನು ನೆನಪಾಗುತ್ತದೆ? ಸ್ವಲ್ಪ ಬಾಗಿದ ಉದ್ದ ಕತ್ತಿ, ನೆತ್ತಿಯ ಮೇಲೆ ಬಿಗಿದು ಕಟ್ಟಿದ ಜುಟ್ಟು, ಒಂದೇ ಏಟಿಗೆ ಎರಡು ಹೋಳಾಗುವ ಬಿದಿರು. ಮೊಬೈಲಿನಲ್ಲಿ ಬರುವ ಸಿನಿಮಾ ತುಣುಕು, ಗೇಮುಗಳಲ್ಲಿ ನಾವು ನೋಡುವುದು ಹೆಚ್ಚುಕಡಿಮೆ ಇಷ್ಟೇ. ಆ ಕತ್ತಿಯ ಉಕ್ಕು ಎಲ್ಲಿಂದ ಬಂತು, ಅದನ್ನು ಕಾಯಿಸಿ ತೆಗೆದವರು ಯಾರು, ಅವರ ಕುಲುಮೆ ಕೊನೆಗೆ ಏನಾಯಿತು ಎಂದು ಹುಡುಕುತ್ತಾ ಹೋದರೆ ಮಾತ್ರ ಕಥೆ ಬೇರೆ ಕಡೆ ತಿರುಗುತ್ತದೆ. ಶಿವಮೊಗ್ಗದ ದುರ್ಗಿಗುಡಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯವರಿಗೆ ಆ ಕಥೆ ಪರಕೀಯ ಅನ್ನಿಸುವುದಿಲ್ಲ.

ಮೊದಲು ಸಮುರಾಯ್‌ಗಳ ಬಗ್ಗೆ ನಮಗೆ ಯಾರೂ ಹೇಳದ ಕೆಲವು ಸಂಗತಿ ನೋಡೋಣ.

ಭತ್ತದ ಸಂಬಳದ ಯೋಧರು

ಸಮುರಾಯ್ ಎಂಬ ಪದದ ಮೂಲದಲ್ಲಿ ಯುದ್ಧವಿಲ್ಲ. 'ಸೇವೆಗೆ ನಿಂತವನು' ಎಂಬುದು ಅದರ ಅರ್ಥ. ನಮ್ಮ ಕಡೆಯ ಊಳಿಗದವನು ಎಂಬ ಮಾತಿಗೆ ಹತ್ತಿರ. ಶುರುವಿನ ಕಾಲದಲ್ಲಿ ಅವರ ದೊಡ್ಡ ಆಯುಧವೂ ಕತ್ತಿಯಾಗಿರಲಿಲ್ಲ. ಕುದುರೆಯ ಮೇಲೆ ಕೂತು ಬಿಲ್ಲು ಹೂಡುವುದೇ ಅವರ ವಿದ್ಯೆ. 'ಕುದುರೆ ಮತ್ತು ಬಿಲ್ಲಿನ ದಾರಿ' ಎಂದೇ ಅದನ್ನು ಕರೆಯುತ್ತಿದ್ದರು.

ಒಂದು ಕಾಲದಲ್ಲಿ ಜಪಾನಿನ ರೈತರ ಮನೆಯಲ್ಲೂ ಆಯುಧ ಇರುತ್ತಿತ್ತು. ಬಡ ರೈತ ಹಿನ್ನೆಲೆಯಿಂದ ಬಂದು ದೇಶವನ್ನೇ ಹಿಡಿತಕ್ಕೆ ತಂದ ತೊಯೊತೊಮಿ ಹಿದೆಯೋಶಿ 1588ರಲ್ಲಿ ಅವೆಲ್ಲವನ್ನೂ ಕಿತ್ತುಕೊಂಡ. ಆ ಕಬ್ಬಿಣವನ್ನು ಬುದ್ಧನ ದೊಡ್ಡ ವಿಗ್ರಹದ ಕೆಲಸಕ್ಕೆ ಮೊಳೆ, ಪಟ್ಟಿ ಮಾಡಲು ಬಳಸುತ್ತೇವೆ, ಕೊಟ್ಟವರಿಗೆ ಪುಣ್ಯ ಬರುತ್ತದೆ ಎಂದು ಹೇಳಿದ. ಅಲ್ಲಿಂದ ಮುಂದೆ ನೇಗಿಲು ಹಿಡಿದವನು ಬೇರೆ, ಕತ್ತಿ ಹಿಡಿದವನು ಬೇರೆ ಎಂಬ ಗೆರೆ ಗಟ್ಟಿಯಾಯಿತು.

1603ರಿಂದ 1868ರವರೆಗೆ ತೊಕುಗಾವ ಮನೆತನದ ಆಡಳಿತ. ಅದರ ಹೆಚ್ಚಿನ ಕಾಲ ದೇಶದಲ್ಲಿ ದೊಡ್ಡ ಯುದ್ಧವೇ ಇರಲಿಲ್ಲ. ಕತ್ತಿ ಸೊಂಟದಲ್ಲಿತ್ತು, ಕೆಲಸ ಕಚೇರಿಯಲ್ಲಿತ್ತು. ಲೆಕ್ಕ ಬರೆಯುವುದು, ಕಂದಾಯ ನೋಡುವುದು, ಕಾವಲು ಕಾಯುವುದು ಇದೇ ಬಹುಪಾಲು ಸಮುರಾಯ್‌ಗಳ ದಿನಚರಿ. ಸಂಬಳ ಅಕ್ಕಿಯ ಲೆಕ್ಕದಲ್ಲಿ. ನಮ್ಮ ಹಿರಿಯರು ಖಂಡುಗದ ಲೆಕ್ಕ ಹೇಳುತ್ತಿದ್ದಂತೆ ಅಲ್ಲಿ 'ಕೊಕು' ಎಂಬ ಅಳತೆ. ಒಂದು ಕೊಕು ಅಂದರೆ ಸುಮಾರು 150 ಕಿಲೋ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟ ಎಂಬ ಅಂದಾಜು. ಒಬ್ಬ ದೊರೆಯ ದೊಡ್ಡಸ್ತಿಕೆಯನ್ನೂ ಇಷ್ಟು ಕೊಕು ಎಂದೇ ಅಳೆಯುತ್ತಿದ್ದರು.

ಆ ಅಕ್ಕಿಯನ್ನು ಬೆಳೆದವನು ರೈತ, ತಿಂದವನು ಸಮುರಾಯ್, ಲಾಭ ಮಾಡಿದವನು ಮಂಡಿ ವ್ಯಾಪಾರಿ. ಒಸಾಕಾದ ದೊಜಿಮಾ ಅಕ್ಕಿ ಮಂಡಿಯಲ್ಲಿ ಮುಂದೆ ಬರುವ ಅಕ್ಕಿಗೆ ಈಗಲೇ ಬೆಲೆ ಕಟ್ಟುವ ವಾಯಿದೆ ವ್ಯಾಪಾರಕ್ಕೆ 1730ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಅಕ್ಕಿ ಬೆಲೆ ಬಿದ್ದಾಗ ಸಮುರಾಯ್ ಸಾಲ ಮಾಡುತ್ತಿದ್ದ. ಕೆಳದರ್ಜೆಯ ಎಷ್ಟೋ ಸಮುರಾಯ್ ಮನೆಗಳಲ್ಲಿ ಕೊಡೆ ಕಟ್ಟಿ ಮಾರಿ ಸಂಸಾರ ತೂಗಿಸುತ್ತಿದ್ದರು. ಸಿನಿಮಾದಲ್ಲಿ ಈ ಭಾಗ ಬರುವುದು ಕಡಿಮೆ.

ಮರಳಿನಿಂದ ಉಕ್ಕು

ಈಗ ಕತ್ತಿಗೆ ಬರೋಣ. ನಮ್ಮ ಕೆಮ್ಮಣ್ಣುಗುಂಡಿಯ ಗುಡ್ಡದಲ್ಲಿ ಇರುವಂಥ ಅದಿರು ಜಪಾನಿನಲ್ಲಿ ಹೇರಳವಾಗಿಲ್ಲ. ಅವರ ಕೈಗೆ ಸಿಕ್ಕಿದ್ದು ಕಪ್ಪು ಮರಳು, ಕಬ್ಬಿಣದ ಕಣ ತುಂಬಿದ ಮರಳು. ಪಶ್ಚಿಮ ಜಪಾನಿನ ಶಿಮಾನೆ ಪ್ರಾಂತ್ಯದ ಗುಡ್ಡಗಾಡು ಇದಕ್ಕೆ ಹೆಸರುವಾಸಿ. ಗುಡ್ಡ ಕಡಿದು ಮಣ್ಣನ್ನು ಕಾಲುವೆಗೆ ಬಿಡುತ್ತಿದ್ದರು. ಹಗುರ ಮಣ್ಣು ನೀರಿನ ಜೊತೆ ಹೋಗುತ್ತಿತ್ತು, ತೂಕದ ಕಬ್ಬಿಣದ ಮರಳು ತಳದಲ್ಲಿ ನಿಲ್ಲುತ್ತಿತ್ತು. ಹೀಗೆ ಕಡಿದ ಗುಡ್ಡವನ್ನು ಹಾಳು ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದರು. ಅಲ್ಲಿನ ಓಕುಇಜುಮೊ ಎಂಬ ಊರಿನ ಸುತ್ತ ಆ ಗದ್ದೆಗಳಲ್ಲಿ ಇವತ್ತಿಗೂ ಒಳ್ಳೆಯ ಹೆಸರಿನ ಅಕ್ಕಿ ಬೆಳೆಯುತ್ತದೆ.

ಮರಳಿನಿಂದ ಕಬ್ಬಿಣ ತೆಗೆಯುವ ಮಣ್ಣಿನ ಕುಲುಮೆಗೆ 'ತತಾರಾ' ಎಂದು ಹೆಸರು. ದೊಡ್ಡ ತೊಟ್ಟಿಯ ಆಕಾರ. ಒಮ್ಮೆ ಬೆಂಕಿ ಹಾಕಿದರೆ ಮೂರು ಹಗಲು ಮೂರು ರಾತ್ರಿ ಆರಿಸುವಂತಿಲ್ಲ. ಒಂದು ಸುತ್ತಿಗೆ ಸುಮಾರು 10 ಟನ್ ಕಬ್ಬಿಣದ ಮರಳು, 12 ಟನ್ ಇದ್ದಿಲು ಬೇಕು. ಕೊನೆಗೆ ಕುಲುಮೆಯನ್ನೇ ಒಡೆದು ತೆಗೆದರೆ ಸುಮಾರು ಎರಡೂವರೆ ಟನ್ನಿನ ಗಟ್ಟಿ ಸಿಗುತ್ತದೆ. ಅದರಲ್ಲಿ ಕತ್ತಿಗೆ ಯೋಗ್ಯವಾದ ಉಕ್ಕು ಒಂದು ಟನ್ನಿಗಿಂತ ಕಡಿಮೆ. ಆ ಉಕ್ಕಿನ ಹೆಸರು 'ತಮಾಹಗಾನೆ'.

ಹಿಂದೆ ತಿದಿ ತುಳಿಯುವವರು ಪಾಳಿಯ ಮೇಲೆ ತುಳಿಯುತ್ತಿದ್ದರು. ಅವರನ್ನು 'ಬಾಂಕೊ' ಎನ್ನುತ್ತಿದ್ದರು. ಜಪಾನಿ ಭಾಷೆಯಲ್ಲಿ 'ಸರದಿಯಂತೆ' ಎನ್ನಲು ಬಳಸುವ 'ಕವಾರಿಬಾಂಕೊ' ಎಂಬ ಪದ ಇವರಿಂದಲೇ ಬಂತು ಎನ್ನುತ್ತಾರೆ. ಎಲ್ಲರಿಗೂ ಮೇಲೆ 'ಮುರಾಗೆ' ಎಂಬ ಹಿರಿಯ. ಅಳತೆಯ ಯಂತ್ರ ಇಲ್ಲದ ಆ ಕಾಲದಲ್ಲಿ ಜ್ವಾಲೆಯ ಬಣ್ಣ ನೋಡಿ, ಒಳಗಿನ ಸದ್ದು ಕೇಳಿ ಎಷ್ಟು ಮರಳು, ಎಷ್ಟು ಇದ್ದಿಲು ಎಂದು ಹೇಳುವವನು ಅವನೇ. ನಾವು ಆಯುಧ ಪೂಜೆಯ ದಿನ ಸಲಕರಣೆಗೆ ಕುಂಕುಮ ಇಡುವಂತೆ ಅವರು ಕನಯಾಗೊ ಎಂಬ ಕಬ್ಬಿಣದ ದೇವತೆಗೆ ಕೈಮುಗಿದೇ ಬೆಂಕಿ ಹಾಕುತ್ತಿದ್ದರು.

ಆಮೇಲಿನದು ಕಮ್ಮಾರನ ಕೆಲಸ. ಉಕ್ಕನ್ನು ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುತ್ತಾನೆ. ಹತ್ತು ಸಲ ಮಡಚಿದರೆ 1024 ಪದರ. ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಕಿಟ್ಟ ಹೊರಗೆ ಬರಲಿ, ಉಕ್ಕು ಒಂದೇ ಹದಕ್ಕೆ ಬರಲಿ ಎಂಬುದಷ್ಟೇ ಉದ್ದೇಶ. ಕೊನೆಗೆ ಕತ್ತಿಯ ಬೆನ್ನಿಗೆ ದಪ್ಪ ಮಣ್ಣು, ಬಾಯಿಗೆ ತೆಳು ಮಣ್ಣು ಬಳಿದು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಬಾಯಿ ಬೇಗ ತಣಿದು ಗಡಸಾಗುತ್ತದೆ, ಬೆನ್ನು ನಿಧಾನ ತಣಿದು ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಸಮುರಾಯ್ ಕತ್ತಿಯ ಆ ಚೆಂದದ ಬಾಗು ಪೂರ್ತಿಯಾಗುವುದು ಆ ನೀರಿನಲ್ಲಿ.

ಕತ್ತಿ ಇಳಿಸಿದ ಮೇಲೆ

1868ರಲ್ಲಿ ತೊಕುಗಾವ ಆಡಳಿತ ಬಿತ್ತು. ಹೊಸ ಸರ್ಕಾರ 1873ರಲ್ಲಿ ಎಲ್ಲ ಜಾತಿ ವರ್ಗದ ಗಂಡಸರಿಗೂ ಸೈನ್ಯದ ಕರೆ ಕೊಟ್ಟಿತು. 1876ರಲ್ಲಿ ಬೀದಿಯಲ್ಲಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಅದೇ ವರ್ಷ ಅಕ್ಕಿಯ ಲೆಕ್ಕದ ಸಂಬಳವೂ ನಿಂತು, ಬದಲಿಗೆ ಸರ್ಕಾರಿ ಬಾಂಡ್ ಕೈಗೆ ಬಂತು. ಜನಸಂಖ್ಯೆಯಲ್ಲಿ ನೂರಕ್ಕೆ ಐದಾರರಷ್ಟಿದ್ದ ಒಂದು ಇಡೀ ವರ್ಗ ಹೀಗೆ ನೌಕರಿ ಕಳೆದುಕೊಂಡಿತು. 1877ರಲ್ಲಿ ಸೈಗೊ ತಕಾಮೊರಿ ಎಂಬ ನಾಯಕನ ಹಿಂದೆ ಒಂದು ಗುಂಪು ದಂಗೆ ಎದ್ದು ಸೋತಿತು. ಉಳಿದವರಲ್ಲಿ ಹಲವರು ಪೊಲೀಸರಾದರು, ಮೇಷ್ಟ್ರಾದರು, ವ್ಯಾಪಾರಕ್ಕಿಳಿದು ಕೈ ಸುಟ್ಟುಕೊಂಡರು. 1872ರಲ್ಲಿ ಶುರುವಾದ ತೊಮಿಯೊಕಾ ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆದ ಹುಡುಗಿಯರಲ್ಲಿ ಎಷ್ಟೋ ಮಂದಿ ಸಮುರಾಯ್ ಮನೆಯ ಹೆಣ್ಣುಮಕ್ಕಳು.

ಇನ್ನೊಂದು ತಮಾಷೆ ಇದೆ. ಸಮುರಾಯ್ ಧರ್ಮ ಎಂದು ಜಗತ್ತೆಲ್ಲ ಹೇಳುವ 'ಬುಶಿದೊ'ಗೆ ಪ್ರಸಿದ್ಧಿ ತಂದ ಪುಸ್ತಕವನ್ನು ನಿತೊಬೆ ಇನಾಜೊ ಬರೆದದ್ದು ಇಂಗ್ಲಿಷಿನಲ್ಲಿ, ಅದು ಅಮೆರಿಕದಲ್ಲಿ ಅಚ್ಚಾದದ್ದು 1900ರಲ್ಲಿ. ಅಷ್ಟು ಹೊತ್ತಿಗೆ ಸಮುರಾಯ್‌ಗಳು ಕತ್ತಿ ಇಳಿಸಿ ಇಪ್ಪತ್ತನಾಲ್ಕು ವರ್ಷವಾಗಿತ್ತು.

ಜಪಾನ್ ಹೀಗೆ ಕತ್ತಿ ಬಿಟ್ಟು ಯಂತ್ರ ಹಿಡಿಯುತ್ತಿದ್ದ ಕಾಲದಲ್ಲೇ, 1898ರಲ್ಲಿ, ಒಬ್ಬ ಕನ್ನಡಿಗ ಇಂಜಿನಿಯರ್ ಅಲ್ಲಿಗೆ ಹೋಗಿ ಸುಮಾರು ಮೂರು ತಿಂಗಳು ಇದ್ದರು. ಆಗ ಬೊಂಬಾಯಿ ಪ್ರಾಂತ್ಯದ ನೌಕರಿಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು. ಶಾಲೆ, ಕಾರ್ಖಾನೆ ಎಲ್ಲ ನೋಡಿ ಬಂದರು. ಏಷ್ಯಾದ ಒಂದು ದೇಶ ಮೂವತ್ತೇ ವರ್ಷದಲ್ಲಿ ಇಷ್ಟು ಬದಲಾಗಬಹುದಾದರೆ ನಮಗೇಕೆ ಆಗದು ಎಂಬ ಪ್ರಶ್ನೆ ಅವರ ಬರಹದಲ್ಲಿ ಮುಂದೆ ಮತ್ತೆ ಮತ್ತೆ ಬರುತ್ತದೆ. 1901ರಲ್ಲಿ ಜಪಾನಿನ ಯವಾತಾದಲ್ಲಿ ದೊಡ್ಡ ಸರ್ಕಾರಿ ಉಕ್ಕಿನ ಕಾರ್ಖಾನೆ ಶುರುವಾಯಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬುನಾದಿ ಹಾಕಿಸಿದರು.

1923: ಒಂದು ಆರಿತು, ಒಂದು ಹೊತ್ತಿತು

ಭದ್ರಾವತಿಯ ಊದು ಕುಲುಮೆಗೆ ಬೆಂಕಿ ಬಿದ್ದದ್ದು 1923ರ ಜನವರಿಯಲ್ಲಿ. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಅದು ಓಡಿದ್ದು ಮಲೆನಾಡಿನ ಮರದ ಇದ್ದಿಲಿನಲ್ಲಿ, ತತಾರಾ ಓಡಿದಂತೆಯೇ. ಮರ ಸುಡುವಾಗ ಬರುವ ಹೊಗೆಯಿಂದ ಟಾರು, ಸ್ಪಿರಿಟ್ ಮುಂತಾದವನ್ನು ತೆಗೆಯುವ ಘಟಕವೂ ಇತ್ತು. ಕಾಡು ಇದಕ್ಕೆ ದೊಡ್ಡ ಬೆಲೆ ತೆತ್ತಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮುಂದೆ ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು.

ಅದೇ 1923ರ ಹೊತ್ತಿಗೆ ಜಪಾನಿನಲ್ಲಿ ವ್ಯಾಪಾರಕ್ಕೆಂದು ಉರಿಯುತ್ತಿದ್ದ ತತಾರಾಗಳು ಆರಿಹೋದವು. ವಿದೇಶಿ ಕಬ್ಬಿಣದ ಬೆಲೆಯ ಮುಂದೆ, ಯವಾತಾದಂಥ ದೊಡ್ಡ ಕಾರ್ಖಾನೆಗಳ ಮುಂದೆ ಮಣ್ಣಿನ ಕುಲುಮೆ ನಿಲ್ಲಲಾಗಲಿಲ್ಲ. ಸೈನ್ಯಕ್ಕೆ ಕತ್ತಿ ಬೇಕೆಂದು 1933ರಲ್ಲಿ ಒಂದು ಕುಲುಮೆ ಮತ್ತೆ ಹೊತ್ತಿ 1945ರಲ್ಲಿ ಯುದ್ಧ ಸೋತಾಗ ಆರಿತು. ಮುಂದೆ ಮೂವತ್ತೆರಡು ವರ್ಷ ಬೂದಿಯೇ. ಹಳೆಯ ದಾಸ್ತಾನು ಕರಗುತ್ತಾ ಬಂದು ಕತ್ತಿ ಮಾಡುವ ಕಮ್ಮಾರರಿಗೆ ಉಕ್ಕಿಲ್ಲದಂತಾಯಿತು.

1977ರಲ್ಲಿ ಜಪಾನಿನ ಕತ್ತಿ ಸಂರಕ್ಷಣಾ ಸಂಘ ಓಕುಇಜುಮೊದಲ್ಲಿ ತತಾರಾವನ್ನು ಮತ್ತೆ ಹೊತ್ತಿಸಿತು. ಅದಕ್ಕೆ ಬೇಕಾದ ವಿದ್ಯೆ ಪುಸ್ತಕದಲ್ಲಿ ಪೂರ್ತಿ ಇರಲಿಲ್ಲ. ಯುದ್ಧಕಾಲದ ಆ ಕುಲುಮೆಯಲ್ಲಿ ದುಡಿದಿದ್ದ ಅಬೆ ಯೋಶಿಜೊ ಎಂಬ ಮುರಾಗೆ ಬದುಕಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಅವರೇ ಕುಲುಮೆಯ ಮುಂದೆ ನಿಂತರು. ಅವರ ಕೈಕೆಳಗೆ ಕಲಿತ ಕಿಹಾರಾ ಅಕಿರಾ ಮುಂದೆ ಮುರಾಗೆಯಾದರು. ಇವತ್ತಿಗೂ ಅಲ್ಲಿ ಚಳಿಗಾಲದಲ್ಲಿ ಕೆಲವು ಸಲ ಬೆಂಕಿ ಹೊತ್ತುತ್ತದೆ. ಜಪಾನಿನಲ್ಲಿ ಕತ್ತಿ ಮಾಡಬೇಕಾದರೆ ಕನಿಷ್ಠ ಐದು ವರ್ಷ ಗುರುವಿನ ಬಳಿ ದುಡಿದು ಪರವಾನಗಿ ಪಡೆಯಬೇಕು. ಪರವಾನಗಿ ಇದ್ದರೂ ತಿಂಗಳಿಗೆ ಎರಡು ಉದ್ದ ಕತ್ತಿಗಿಂತ ಹೆಚ್ಚು ಮಾಡುವಂತಿಲ್ಲ.

ಇನ್ನೊಂದು ಹತ್ತು ಹದಿನೈದು ವರ್ಷ ತಡವಾಗಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲ.

ನಾವು ಒಮ್ಮೆ ಕಳೆದುಕೊಂಡದ್ದು

ಹಾಗೆ ಕೇಳಲು ಯಾರೂ ಇಲ್ಲದಂತೆ ಆದದ್ದು ನಮ್ಮಲ್ಲಿ. ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ದಕ್ಷಿಣ ಭಾರತದ ಉಕ್ಕಿಗೆ ಜಗತ್ತಿನಲ್ಲಿ ದೊಡ್ಡ ಹೆಸರಿತ್ತು. ಯುರೋಪಿನವರು ಅದಕ್ಕಿಟ್ಟ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂದಿರಬೇಕು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಹಾಕಿ ಬಾಯಿ ಮುಚ್ಚಿ ಕಾಯಿಸುತ್ತಿದ್ದರು ಎಂದು ಅವನ ವಿವರ ಇದೆ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ.

ಆ ಕೆಲಸ ನಿಂತಾಗ ಯಾವ ಸಂಘವೂ ಬರಲಿಲ್ಲ. ಎಷ್ಟು ಹೊತ್ತು ಕಾಯಿಸಬೇಕು, ಜ್ವಾಲೆ ಯಾವ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು, ಯಾವ ಮಣ್ಣಿನ ಮೂಸೆ ಒಡೆಯುವುದಿಲ್ಲ ಎಂಬುದೆಲ್ಲ ಆ ಕಮ್ಮಾರರ ಜೊತೆಗೇ ಹೋಯಿತು. ಇಂದು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕೂತು ಹಳೆಯ ಕತ್ತಿಯ ಚೂರು ನೋಡಿ ಅದನ್ನು ಊಹಿಸುತ್ತಿದ್ದಾರೆ. ಒಬ್ಬ ವಿದೇಶಿ ಪ್ರವಾಸಿ ಬರೆದ ಪುಟಗಳೇ ನಮಗೆ ಆಧಾರ.

2023ರ ಜನವರಿಯಲ್ಲಿ, ಭದ್ರಾವತಿಯ ಕುಲುಮೆಗೆ ನೂರು ತುಂಬಿದ ತಿಂಗಳಲ್ಲೇ, ಕಾರ್ಖಾನೆ ಮುಚ್ಚಲು ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಆಮೇಲೆ ಕೆಲವು ಭರವಸೆ ಬಂದವು. ಕಾರ್ಖಾನೆ ಉಳಿಯಬೇಕು ಎಂಬ ಹೋರಾಟ ದೊಡ್ಡದು, ಅದು ನಡೆಯಲಿ. ಅದರ ಜೊತೆಗೆ ಹಣ, ಅನುಮತಿ ಏನೂ ಬೇಡದ ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ.

ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವರು ಇವತ್ತು ಹಳೇನಗರ, ನ್ಯೂಟೌನ್, ಸುತ್ತಲ ಹಳ್ಳಿಗಳ ಜಗಲಿಯಲ್ಲಿ ಕೂತಿದ್ದಾರೆ. ಕರಗಿದ ಕಬ್ಬಿಣದ ಬಣ್ಣ ನೋಡಿ ಅದರ ಹದ ಹೇಳಬಲ್ಲವರು, ಇದ್ದಿಲು ಗೂಡಿನ ಕೆಲಸ ಬಲ್ಲವರು, ಅಚ್ಚಿನ ಮರಳಿನ ತೇವವನ್ನು ಅಂಗೈಯಲ್ಲಿ ಹಿಡಿದು ಅಳೆಯಬಲ್ಲವರು. ಅಬೆ ಯೋಶಿಜೊ ಅವರಂತೆ ಇವರ ವಯಸ್ಸೂ ಎಪ್ಪತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ದೊಡ್ಡಪ್ಪ, ಮಾವ ಇದ್ದರೆ ಈ ಭಾನುವಾರ ಅರ್ಧ ಗಂಟೆ ಪಕ್ಕದಲ್ಲಿ ಕೂರಿ. ಈಗ ಈ ಬರಹ ಓದುತ್ತಿರುವ ಮೊಬೈಲಿನಲ್ಲೇ ರೆಕಾರ್ಡ್ ಒತ್ತಿ, "ಬೆಂಕಿ ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?" ಎಂದು ಒಂದೇ ಪ್ರಶ್ನೆ ಕೇಳಿ. ಉಳಿದದ್ದು ಅವರೇ ಹೇಳುತ್ತಾರೆ.